ಅಪ್ಪನ ಹಾಫ್ ಪ್ಯಾಂಟು, ಜರ್ಮನ್ ಹುಡುಗನ ಚರ್ಮದ ಚಡ್ಡಿ

ಕಳಸದ ಪೇಟೆಯಲ್ಲಿ, ಹಾಡಹಗಲು, ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನರ ಎದುರಿಗೆ, ದರ್ಜಿಯೊಬ್ಬರು ನನ್ನನ್ನು ಕೂಗಿ ನಿಲ್ಲಿಸಿ, “ನಿನ್ನ ಚಡ್ಡಿ ಹೊಲ್ದು ಒಂದು ವಾರ ಆಯ್ತು ಮಾರಾಯ, ತಗೊಂಡು ಹೋಗು” ಅಂದರು. ನನಗೆ ಆಗ ಇಪ್ಪತ್ತಾರು ವರ್ಷ.

ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಹಿಂದೆ ಬಿದ್ದವನಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಆರೋಪ ಬಂದ ಕೂಡಲೇ ಇಲ್ಲ ಅನ್ನಬಾರದು, ಮೊದಲು ಸಾಕ್ಷಿ ಕೇಳಬೇಕು. ಕೇಳಿದೆ. ಅವರು ಅಂಗಡಿಯ ಒಳಗಿಂದ ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದು ಬಿಚ್ಚಿದರು. ಖಾಕಿ ಹಾಫ್ ಪ್ಯಾಂಟು. ಮುಂದೆ ಎರಡು ನೆರಿಗೆ, ಅಂಚು ಹೊರಕ್ಕೆ ಮಡಿಸಿದ್ದು, ಬೆಲ್ಟಿಗೆ ಅಗಲವಾದ ಕುಣಿಕೆಗಳು. ಸೊಂಟ ನೋಡಿದೆ. ಅದರೊಳಗೆ ನಾನೂ ನನ್ನಂಥ ಇನ್ನೊಬ್ಬನೂ ಒಟ್ಟಿಗೆ ನಿಲ್ಲಬಹುದಿತ್ತು.

“ಇದು ನನ್ನದಲ್ಲ.”

“ನಿಮ್ಮಪ್ಪನೇ ಬಂದು ಹೇಳಿದ್ದು, ನಮ್ಮ ಹುಡುಗಂಗೆ ಅಂತ. ಅಳತೆಗೆ ಹಳೇ ಪ್ಯಾಂಟು ಕೊಟ್ಟು ಹೋದ್ರು.”

“ಆ ಪ್ಯಾಂಟು ಯಾರದು ಅಂತ ನೋಡಿದ್ರಾ?”

“ನನಗೆ ಅಳತೆ ಸಾಕು ಮಾರಾಯ, ಯಾರದು ಅಂತ ಎಂತಕ್ಕೆ?” ಅಂದವರು ಪ್ಯಾಂಟನ್ನು ಒಳಹೊರಗು ಮಾಡಿ ಕಾಲಿನ ಅಂಚು ತೋರಿಸಿದರು. “ಹುಡುಗಂಗೆ ಅಂದ್ರಲ್ಲ, ಅದಕ್ಕೆ ಒಳಗೆ ಮೂರು ಬೆರಳು ಬಟ್ಟೆ ಬಿಟ್ಟಿದೀನಿ. ಉದ್ದ ಬೆಳೆದ್ರೆ ಬಿಚ್ಚಿಸ್ಕೊ.”

ಅವರು ಜೀವಮಾನವಿಡೀ ಶಾಲೆಯ ಯೂನಿಫಾರ್ಮು ಹೊಲಿದವರು. ಜೂನ್ ತಿಂಗಳಲ್ಲಿ ಹೊಲಿದ ಚಡ್ಡಿ ಮಾರ್ಚಿಗೆ ಗಿಡ್ಡವಾಗುತ್ತದೆ ಎಂಬುದು ಅವರ ಕೈಗೆ ಗೊತ್ತು, ಆ ಕೈ ಯಾರ ಮಾತನ್ನೂ ಕೇಳುವುದಿಲ್ಲ. ಹಾಗಾಗಿ ನನ್ನ ಅಪ್ಪನ ಸೊಂಟಕ್ಕೆ, ನನ್ನ ಹೆಸರಿನಲ್ಲಿ, ಏಳನೇ ಕ್ಲಾಸಿನ ಹುಡುಗ ಬೆಳೆಯುವ ಲೆಕ್ಕದಲ್ಲಿ ಆ ಹಾಫ್ ಪ್ಯಾಂಟು ತಯಾರಾಗಿತ್ತು. ಅಪ್ಪನಿಗೆ ಆಗ ಅರವತ್ತೊಂದು.

ಇಷ್ಟು ಕೇಳಿದ ಮೇಲೆ ಇದರಲ್ಲೇನಿದೆ ಎಂದು ಕೇಳುವವರಿಗೆ ನಮ್ಮ ಕಡೆಯ ಮೊಣಕಾಲು ಶಾಸ್ತ್ರ ಗೊತ್ತಿಲ್ಲ ಎಂದು ಅರ್ಥ. ಅದನ್ನು ಎಲ್ಲೂ ಬರೆದಿಟ್ಟಿಲ್ಲ, ಆದ್ದರಿಂದಲೇ ಯಾರೂ ತಿದ್ದಿಲ್ಲ. ಕಾಫಿ ಎಸ್ಟೇಟಿನ ಹಳೆಯ ಸಾಹುಕಾರರು ಖಾಕಿ ಹಾಫ್ ಪ್ಯಾಂಟು ಹಾಕುತ್ತಾರೆ. ಮೊಣಕಾಲಿನ ಕೆಳಗಿನವರೆಗೆ ಎಳೆದ ದಪ್ಪ ಕಾಲುಚೀಲ, ಬೂಟು, ಕೈಯಲ್ಲೊಂದು ಕೋಲು. ಬಿಳಿಯರು ಬಿಟ್ಟುಹೋದ ವೇಷ. ಕೆಲಸದವರು ಲುಂಗಿ ಎತ್ತಿ ಕಟ್ಟಿಕೊಂಡು, ಒಳಗಿನ ಚಡ್ಡಿಯ ಅಂಚು ಕಾಣಿಸುತ್ತ ಗಿಡಗಳ ನಡುವೆ ಓಡಾಡುತ್ತಾರೆ. ಎಲ್ಲರಿಗಿಂತ ಮೇಲಿನವರ ಮೊಣಕಾಲೂ ಬಯಲು, ಕೆಳಗಿನವರದೂ ಬಯಲು. ನಡುವೆ ಸಿಕ್ಕಿಬಿದ್ದವನು ರೈಟರ್. ಬೆಳಿಗ್ಗೆ ಹಾಜರಿ ಕೂಗುವವನು, ಸಂಜೆ ಹಣ್ಣಿನ ತೂಕ ಬರೆಯುವವನು, ಸಾಹುಕಾರರ ಸಿಟ್ಟನ್ನು ಕೆಳಕ್ಕೂ ಆಳುಗಳ ದೂರನ್ನು ಮೇಲಕ್ಕೂ ಸಾಗಿಸುವವನು. ಅವನು ಮಾತ್ರ ಬೇಸಗೆಯೋ ಮಳೆಯೋ ಪಾದದವರೆಗೆ ಪ್ಯಾಂಟು ಹಾಕಲೇಬೇಕು.

ಇನ್ನೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ನಮ್ಮ ಶಾಲೆಗಳಲ್ಲಿ ಏಳನೇ ಕ್ಲಾಸಿನವರೆಗೆ ಎಲ್ಲ ಹುಡುಗರೂ ಚಡ್ಡಿ. ಎಂಟಕ್ಕೆ ಬಂದಾಗ ಪ್ಯಾಂಟು. ಆ ದಿನ ನಾವು ಕಾಲು ಅಗಲಿಸಿ ಹೊಸ ನಡಿಗೆ ನಡೆಯುತ್ತೇವೆ. ಸಾಹುಕಾರರ ಮಗನೂ ಹಾಗೇ ನಡೆಯುತ್ತಾನೆ. ಆದರೆ ಓದು ಮುಗಿಸಿ ತೋಟ ವಹಿಸಿಕೊಂಡ ಮೇಲೆ ಅವನು ಎರಡನೆಯ ಸಲ ಚಡ್ಡಿಗೆ ಇಳಿಯುತ್ತಾನೆ, ಅದನ್ನು ಊರು ಬಡ್ತಿ ಅನ್ನುತ್ತದೆ.

ಬಾಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಅಪ್ಪ ಮೂವತ್ತೆರಡು ವರ್ಷ ರೈಟರ್ ಆಗಿದ್ದರು. ನಿವೃತ್ತಿಯಾಗುವ ಮೊದಲೇ, ಕಳಸದ ಹತ್ತಿರದ ನಮ್ಮ ಮನೆಯ ಹಿಂದಿನ ಎರಡು ಎಕರೆ ಇಳಿಜಾರಿನಲ್ಲಿ ಕಾಫಿ ಗಿಡ ಹಾಕಿದ್ದರು. ಆ ವರ್ಷ ಗಿಡಗಳು ಮೊದಲ ಬಾರಿ ಒಂದು ಕುಯ್ಲು ಎನ್ನುವಷ್ಟು ಹಣ್ಣು ಬಿಟ್ಟಿದ್ದವು. ಅದನ್ನು ನೋಡಲು ಒಂದು ಭಾನುವಾರ ಅಪ್ಪನ ಹಳೆಯ ಸಾಹುಕಾರರು ಸ್ವತಃ ಬರುತ್ತೇನೆಂದು ಹೇಳಿ ಕಳಿಸಿದ್ದರು. ದರ್ಜಿ ನನ್ನನ್ನು ಕೂಗಿದ್ದು ಅದರ ಹಿಂದಿನ ಮಂಗಳವಾರ. ಲೆಕ್ಕ ಹಾಕಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮನೆಗೆ ಬಂದು ಪೊಟ್ಟಣವನ್ನು ಅಪ್ಪನ ಮುಂದಿಟ್ಟೆ.

“ನನ್ನ ಚಡ್ಡಿ ಬಂತು,” ಅಂದೆ.

ಅಪ್ಪ ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. “ಆ ದರ್ಜಿಗೆ ಬಾಯಿ ನಿಲ್ಲಲ್ಲ.”

“ಎಂತದದು?” ಅಮ್ಮ ಅಡುಗೆಮನೆಯಿಂದ ಬಂದು ಬಿಚ್ಚಿಯೇ ಬಿಟ್ಟಳು. ಎತ್ತಿ ಹಿಡಿದಳು. ಸೊಂಟದ ಅಗಲ ಅವಳಿಗೂ ಸಾಕ್ಷಿ ಹೇಳಿತು. “ಅಯ್ಯೋ, ನಿಮ್ಗೆ ಎಂತಾಗಿದೆ? ಊರಿನವ್ರು ನೋಡಿದ್ರೆ ಮತ್ತೆ ಶಾಲೆಗೆ ಸೇರಿದ್ರಾ ಅಂತಾರೆ.”

“ಒಂದು ದಿನ,” ಅಂದರು ಅಪ್ಪ. “ಭಾನುವಾರ ಒಂದೇ ದಿನ. ನನ್ನ ತೋಟದಲ್ಲಿ, ಅವರ ಎದುರಿಗೆ, ಇದನ್ನ ಹಾಕ್ಕೊಂಡು ನಿಲ್ತೀನಿ. ಆಮೇಲೆ ನೀವು ಅದನ್ನ ಒಲೆ ಒರೆಸೋಕೆ ಹಾಕಿ.”

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಮನೆಯಲ್ಲಿ ವಿಷಯ, ಎದುರಾಳಿ, ತೀರ್ಪುಗಾರ್ತಿ ಮೂರೂ ಒಟ್ಟಿಗೆ ಸಿಕ್ಕುವುದು ಅಪರೂಪ.

ಮೊದಲ ವಾದ: ಇದು ನಮ್ಮ ಬಟ್ಟೆಯಲ್ಲ, ಸಾಹುಕಾರರದ್ದೂ ಅಲ್ಲ. ಸೆಕೆ ತಡೆಯಲಾರದ ಪರದೇಶದವನೊಬ್ಬ ಕತ್ತರಿಸಿಕೊಂಡ ಪ್ಯಾಂಟನ್ನು ಅವನ ತೋಟ ಕೊಂಡವರು ತೋಟದ ಜೊತೆಗೇ ಕೊಂಡರು. ನಕಲಿನ ನಕಲು ಮಾಡಲು ಹೊರಟಿದ್ದೀರಿ. ಎರಡನೆಯ ವಾದ: ಕಾಫಿ ತೋಟಕ್ಕೆ ಇದಕ್ಕಿಂತ ಕೆಟ್ಟ ಬಟ್ಟೆ ಇಲ್ಲ. ಮುಳ್ಳು, ಚಗಳಿ ಇರುವೆ, ಮಳೆಗಾಲದಲ್ಲಿ ಜಿಗಣೆ. ಮೂರನೆಯದು, ನಾನು ಕೊನೆಗೆ ಉಳಿಸಿಕೊಂಡದ್ದು: ಮೂವತ್ತೆರಡು ವರ್ಷ ಊಟಕ್ಕೆ ಕೂತಾಗಲೆಲ್ಲ ಸಾಹುಕಾರರ ದರ್ಪ ಬೈದ ನೀವೇ ಈಗ ಅವರ ಹಾಗೆ ಕಾಣಬೇಕು ಅಂತ ಬಯಸುವುದಾದರೆ, ಅಷ್ಟು ವರ್ಷ ಬೈದದ್ದು ದರ್ಪವನ್ನೋ, ಅದು ನಿಮಗೆ ಸಿಗಲಿಲ್ಲ ಅನ್ನುವುದನ್ನೋ?

“ನನ್ನ ತೋಟ, ನನ್ನ ಕಾಲು,” ಅಂದರು ಅಪ್ಪ.

“ಅದು ವಾದ ಅಲ್ಲ ಅಪ್ಪ, ಪಹಣಿ.”

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಹಾಫ್ ಪ್ಯಾಂಟನ್ನು ಗೆರೆಗೆ ಗೆರೆ ಸೇರಿಸಿ ಮಡಿಸಿದರು, ಟ್ರಂಕಿನ ತಳಕ್ಕೆ ಹಾಕಿದರು, ಹೊರಗೆ ಹೋಗಿ ಕಣದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸನ್ನು ಕಾಲಿನಲ್ಲಿ ಹರಡುತ್ತ ನಿಂತರು. ಸ್ಪಷ್ಟವಾದ ಗೆಲುವು. ಷೀಲ್ಡು ಒಂದು ಇರಲಿಲ್ಲ ಅಷ್ಟೆ.

ಗುರುವಾರ ಬೆಳಿಗ್ಗೆ ಅಮ್ಮ ಅಕ್ಕಿ ಆರಿಸುತ್ತ ಕೂತವಳು, ತಲೆ ಎತ್ತದೆ, “ಮೊನ್ನೆ ಗೆದ್ದಿ, ಅಲ್ದಾ?” ಅಂದಳು.

“ಗೆದ್ದೆ.”

“ಒಂದು ವಿಷ್ಯ ನಿಂಗೆ ಗೊತ್ತಿಲ್ಲ. ನಿಮ್ಮಪ್ಪ ಕೆಲಸಕ್ಕೆ ಸೇರಿ ಎರಡನೇ ವರ್ಷ ಇರ್ಬೇಕು. ನಮ್ಮ ಮದುವೆ ಆಗಿ ಎರಡು ತಿಂಗಳು. ಬೇಸಗೆ ಅಂತ ಒಂದು ದಿನ ಇದೇ ಥರ ಹಾಫ್ ಪ್ಯಾಂಟು ಹಾಕ್ಕೊಂಡು ಹಾಜರಿ ಕೂಗೋಕೆ ಹೋದ್ರು. ಆಳುಗಳೆಲ್ಲ ಸಾಲಾಗಿ ನಿಂತಿದಾರೆ. ಸಾವ್ಕಾರ್ರು ಬಂದ್ರು, ಮೇಲಿಂದ ಕೆಳಗೆ ಒಂದು ಸಲ ನೋಡಿದ್ರು. ‘ರೈಟ್ರೇ, ಇವತ್ತು ರಜೆಯಾ?’ ಅಂದ್ರು. ಬೈಲಿಲ್ಲ, ಎಂತದೂ ಇಲ್ಲ. ಅಷ್ಟೇ ಅಂದಿದ್ದು. ಅಷ್ಟೂ ಜನ ನಕ್ರು. ಇವ್ರು ಆಳುಗಳ ಲೈನ್ ಮನೆ ಸಾಲಿನ ಉದ್ದಕ್ಕೂ ನಡ್ಕೊಂಡು ಮನೆಗೆ ಬಂದು, ಪ್ಯಾಂಟು ಹಾಕ್ಕೊಂಡು, ವಾಪಸ್ ಹೋಗಿ, ಬಿಟ್ಟ ಹೆಸರಿಂದ ಹಾಜರಿ ಕೂಗಿದ್ರು.”

ಕಲ್ಲೊಂದನ್ನು ಹೆಕ್ಕಿ ಎಸೆದಳು. “ನಾನೂ ಮೊನ್ನೆ ನಗ್ಬಾರ್ದಿತ್ತು.”

ಚರ್ಚೆಯಲ್ಲಿ ಇದಕ್ಕೆ ಹೊಸ ಸಾಕ್ಷ್ಯ ಅನ್ನುತ್ತಾರೆ. ಹೊಸ ಸಾಕ್ಷ್ಯ ಬಂದಾಗ ಪಕ್ಷ ಬದಲಿಸುವುದು ಮರ್ಯಾದಸ್ಥರ ಲಕ್ಷಣ ಎಂದು ನಾನು ನಂಬಿದ್ದೇನೆ. ಅಲ್ಲದೆ, ನನ್ನ ಮೂರನೆಯ ವಾದ ಅಪ್ಪನ ಯಾವ ಜಾಗಕ್ಕೆ ಹೋಗಿ ನಾಟಿತ್ತು ಎಂದು ಈಗ ಕಾಣುತ್ತಿತ್ತು. ಆ ದಿನ ಮಧ್ಯಾಹ್ನ ಅಪ್ಪನನ್ನು ತೋಟದಲ್ಲಿ ಹಿಡಿದು, ಹಾಫ್ ಪ್ಯಾಂಟಿನ ಪರವಾಗಿ ಐದು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಯಾವ ಬಟ್ಟೆಯೂ ಹುಟ್ಟಿದಲ್ಲೇ ಉಳಿಯುವುದಿಲ್ಲ, ನಾವು ಕುಡಿಯುವ ಕಾಫಿಯೂ ಬಾಬಾಬುಡನ್‌ಗಿರಿಗೆ ಹೊರಗಿಂದ ಬಂದದ್ದೇ, ತೊಟ್ಟವನೇ ಬಟ್ಟೆಗೆ ಅರ್ಥ ಕೊಡುವವನು, ಹೀಗೆ.

ಅಪ್ಪ ಒಂದು ಗಿಡದ ಬುಡದಲ್ಲಿ ಕೂತು ಚಿಗುರು ಮುರಿಯುತ್ತಿದ್ದರು. ಪೂರ್ತಿ ಕೇಳಿದರು.

“ಮಂಗಳವಾರ ಬೇಡ ಅಂತ ಗೆದ್ದೆ. ಇವತ್ತು ಬೇಕು ಅಂತ ಗೆಲ್ತಿದೀಯ,” ಅಂದರು. “ಎರಡು ಕಡೆಯೂ ಗೆಲ್ಲೋನ ಮಾತಿಗೆ ನಾನು ಹಾಕೋದೂ ಇಲ್ಲ, ಬಿಡೋದೂ ಇಲ್ಲ ಮಾರಾಯ. ನೀನು ಸ್ವಲ್ಪ ದಿನ ಮಾತು ಬಿಟ್ಟು ಬೇರೆ ಎಂತಾದ್ರೂ ಕೆಲಸ ಮಾಡು.”

ಕಾಲಡಿ ಬಿದ್ದಿದ್ದ ಚಿಗುರನ್ನು ಒಟ್ಟುಮಾಡಿ ಪಕ್ಕಕ್ಕೆ ಹಾಕಿ ಬಂದೆ.

ನನಗೆ ಬೇರೆ ಕೆಲಸ ಇತ್ತು. ನಾನು ಹತ್ತಿರದ ಒಂದು ಹೋಂಸ್ಟೇಯಲ್ಲಿ ಬಂದವರನ್ನು ಗುಡ್ಡ ಹತ್ತಿಸುತ್ತೇನೆ, ಕುದುರೆಮುಖದ, ಗಣಿ ಮುಚ್ಚಿ ಖಾಲಿಯಾದ ಕಾಲೋನಿಯ ಕಡೆ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇನೆ, ದಾರಿಯಲ್ಲಿ ಅವರು ಹೇಳುವ ಎಲ್ಲದಕ್ಕೂ ತಕರಾರು ತೆಗೆಯುತ್ತೇನೆ. ಕೆಲವರು ಅದಕ್ಕೇ ಮತ್ತೆ ಬರುತ್ತಾರೆ. ಆ ವಾರ ಜರ್ಮನಿಯ ಒಬ್ಬರು ತಮ್ಮ ಹತ್ತು ವರ್ಷದ ಮಗನ ಜೊತೆ ಬಂದಿಳಿದಿದ್ದರು. ಶುಕ್ರವಾರ ಬೆಳಿಗ್ಗೆ ಆ ಹುಡುಗ ತಿಂಡಿಗೆ ಬಂದದ್ದು ಚರ್ಮದ ಚಡ್ಡಿಯಲ್ಲಿ.

ಜಿಂಕೆಯ ಚರ್ಮವಂತೆ. ಹಿಂದೆ ಯಾವ ಬಣ್ಣವಿತ್ತೋ, ಈಗ ಹಳೆ ಸೌಟಿನ ಹಿಡಿಯ ಬಣ್ಣ. ತೊಡೆಯ ಮೇಲೆ ಕನ್ನಡಿಯ ಹಾಗೆ ಹೊಳಪು. ಹೆಗಲ ಮೇಲಿಂದ ಎರಡು ಪಟ್ಟಿ, ಎದೆಯ ಮೇಲೆ ಅಡ್ಡ ಇನ್ನೊಂದು. ಮುಂದೆ ಕಿಟಕಿಯ ಹಾಗೆ ಕೆಳಕ್ಕೆ ತೆರೆಯುವ ಒಂದು ಮುಚ್ಚಳ, ಅದಕ್ಕೆ ಕೊಂಬಿನ ಗುಂಡಿ. ಕಾಲಿಗೆ ಮಾತ್ರ ಹಸಿರು ಬಣ್ಣದ ಓಟದ ಶೂ.

ಹುಡುಗನಿಗೆ ಕಾಫಿ ಹಣ್ಣು ಕೊಯ್ಯುವುದನ್ನು ನೋಡಬೇಕಿತ್ತು. ಹೋಂಸ್ಟೇಯ ತೋಟದಲ್ಲಿ ಕುಯ್ಲು ಮುಗಿದಿತ್ತು. ನಮ್ಮಲ್ಲಿ ಇನ್ನೂ ಶುರುವಾಗಬೇಕಿತ್ತು, ಆದರೂ ನಾಲ್ಕು ಗಿಡ ತೋರಿಸಬಹುದು ಎಂದು ಅಪ್ಪ ಮಗ ಇಬ್ಬರನ್ನೂ ನಮ್ಮ ಮನೆಗೆ ಕರೆದುಕೊಂಡು ಹೋದೆ.

ಅಪ್ಪ ಜಗುಲಿಯಿಂದ ಇಳಿದು ಬಂದವರು ಹುಡುಗನ ಮುಖ ನೋಡುವ ಮೊದಲು ಚಡ್ಡಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನಾನು ಕೇಳಿದ್ದನ್ನ ಕೇಳು, ಅವ್ರು ಹೇಳಿದ್ದನ್ನ ಹೇಳು. ನಿಂದು ಎಂತದೂ ಸೇರಿಸ್ಬೇಡ,” ಅಂದರು. ಅನುವಾದಕನಾಗುವುದು ಇಷ್ಟು ಅವಮಾನದ ಕೆಲಸ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

“ಇದು ಅವನಿಗೇ ಹೊಲಿಸಿದ್ದಾ?”

ಅಲ್ಲ, ಅಜ್ಜನದು, ಅಂದರು ಜರ್ಮನ್ ಅಪ್ಪ. ಅಜ್ಜನಿಗೂ ಅವರಣ್ಣನಿಂದ ಬಂದದ್ದು. ಅವರ ಕಾಲದಲ್ಲಿ ಹುಡುಗರು ಹಿಮ ಕರಗಿದ ದಿನ ಅದರೊಳಗೆ ಹೊಕ್ಕರೆ, ಮತ್ತೆ ಹಿಮ ಬೀಳುವವರೆಗೆ ಹೊರಗೆ ಬರುತ್ತಿರಲಿಲ್ಲ. ಶಾಲೆಗೂ ಅದೇ, ಮರ ಹತ್ತಲೂ ಅದೇ, ಬಂಡೆಯ ಮೇಲಿಂದ ಜಾರಲೂ ಅದೇ. ಬೆಣ್ಣೆ ಹತ್ತಿದ ಕೈಯನ್ನು ಅದಕ್ಕೇ ಒರೆಸುವುದು. ಹೊಸದಾಗಿ ಕಂಡರೆ ಬೇರೆ ಹುಡುಗರು ಅಣಕಿಸುತ್ತಿದ್ದರಂತೆ, ಅದಕ್ಕೆ ಬೇಕೆಂದೇ ಉಜ್ಜಿ ಹಳತು ಮಾಡುವುದು.

“ತೊಳೆಯೋದು?” ಒಳಗಿಂದ ಅಮ್ಮ ಕೇಳಿದಳು.

“ತೊಳೆಯೋದೇ ಇಲ್ವಂತೆ.”

“ಅಜ್ಜನ ಕಾಲದಿಂದ?”

“ಅಜ್ಜನ ಕಾಲದಿಂದ.”

ಅಮ್ಮ ಹೊರಗೆ ಬಂದು, ಹುಡುಗ ಕೂರಲು ಹೊರಟಿದ್ದ ಚಾಪೆಯನ್ನು ಮೆತ್ತಗೆ ಎಳೆದು, ಅವನಿಗೊಂದು ಮರದ ಸ್ಟೂಲು ಇಟ್ಟಳು. ಇದನ್ನು ಅನುವಾದಿಸಬೇಕಾಗಿ ಬರಲಿಲ್ಲ.

“ಎಷ್ಟು ವಯಸ್ಸಿನವರೆಗೆ ಹಾಕ್ತಾರೆ, ಕೇಳು.”

ಅಜ್ಜನ ಕಾಲದಲ್ಲಿ ಹದಿನಾಲ್ಕರ ಸುಮಾರಿಗೆ ಚರ್ಚಿನಲ್ಲಿ ಒಂದು ಶಾಸ್ತ್ರ ಆದ ಮೇಲೆ ಉದ್ದ ಪ್ಯಾಂಟು. ಹಬ್ಬಕ್ಕೆ ಮಾತ್ರ ದೊಡ್ಡವರೂ ಹಾಕುತ್ತಿದ್ದರು. ತಮ್ಮ ಕಾಲಕ್ಕೆ ಬಂದಾಗ, ಅಂದರು ಅವರು ಸ್ವಲ್ಪ ಮುಜುಗರದಿಂದ, ಯಾರೂ ಹಾಕುತ್ತಿರಲಿಲ್ಲ. ಎಲ್ಲರಿಗೂ ಜೀನ್ಸು ಬೇಕಿತ್ತು. ಒಂದು ಮದುವೆಗೆ ತಮ್ಮ ಅಪ್ಪ ಹಟ ಮಾಡಿ ಇದನ್ನೇ ಹಾಕಿಸಿದ್ದರಿಂದ ಊಟ ಮುಗಿಯುವವರೆಗೆ ಮೇಜಿನ ಅಡಿಯಿಂದ ಕಾಲು ಹೊರಗೆ ತೆಗೆಯಲಿಲ್ಲ. ಈಗ ನೋಡಿದರೆ ಮಗ ತಾನಾಗಿ ಅಜ್ಜನ ಅಟ್ಟದಿಂದ ತೆಗೆಸಿಕೊಂಡಿದ್ದಾನೆ. ಊರಹಬ್ಬಕ್ಕೆ ಈಗ ದನವನ್ನೇ ಕಾಣದ ಪೇಟೆಯವರೂ ಹಾಕುತ್ತಾರೆ. ಅಂಗಡಿಯಲ್ಲಿ ಹೊಸದಕ್ಕೇ ಕಲೆ ಮಾಡಿ, ಅಜ್ಜನದರ ಹಾಗೆ ಕಾಣಿಸಿ ಮಾರುತ್ತಾರೆ.

ಕೊನೆಯ ಮಾತು ಕೇಳಿ ನನ್ನ ನಾಲಿಗೆ ತುರಿಸತೊಡಗಿತು. ಕಲೆ ಮಾಡಿ ಮಾರುವ ಪರಂಪರೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನಂಥ ಸಂಶಯವಾದಿಗೆ ಇನ್ನೆಲ್ಲಿ ಸಿಕ್ಕೀತು? ಆದರೆ ಸೇರಿಸುವ ಹಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಪ್ಪ ತಲೆದೂಗಿದರು. “ಅಜ್ಜ ಹಾಕಿದ, ಮೊಮ್ಮಗ ಹಾಕಿದ. ನಡುವಿನ ಮಗಂಗೆ ಮಾತ್ರ ಮರ್ಯಾದೆ ಹೋಗಿದ್ದು,” ಅಂದು ನನ್ನನ್ನೇ ನೋಡಿದರು. “ಇದನ್ನ ಅವ್ರಿಗೆ ಹೇಳ್ಬೇಡ.”

ಹುಡುಗನಿಗೆ ದೊಡ್ಡವರ ಮಾತು ಸಾಕಾಗಿತ್ತು. ಅವನು ಬಲತೊಡೆಯ ಪಕ್ಕದ ಹೊಲಿಗೆಯಲ್ಲಿ ಅಡಗಿದ್ದ ಸಪೂರ ಜೇಬಿನಿಂದ ಕೊಂಬಿನ ಹಿಡಿಯ ಪುಟ್ಟ ಚಾಕು ತೆಗೆದು ಅಪ್ಪನಿಗೆ ತೋರಿಸಿದ. ಈ ಚಡ್ಡಿಗಳಿಗೆಲ್ಲ ಅಲ್ಲೊಂದು ಚಾಕುಜೇಬು ಇದ್ದೇ ಇರುತ್ತದಂತೆ. ಅಪ್ಪ ಅದರ ಬಾಯಿಗೆ ಬೆರಳು ಹಾಕಿ ಆಳ ನೋಡಿದರು, ಹೊಲಿಗೆ ಸವರಿದರು. ನಂತರ ಹುಡುಗ ಏನೋ ಕೇಳಿದ.

“ನಿಮ್ಮ ಹತ್ತಿರ ಇಂಥದ್ದು ಇದೆಯಾ ಅಂತಿದಾನೆ,” ಅಂದೆ.

ಅಪ್ಪ ಹುಡುಗನ ಚಡ್ಡಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳದ ಸದ್ದು ಕೇಳಿಸಿತು. ಹಾಫ್ ಪ್ಯಾಂಟು ತಂದು, ಹುಡುಗನ ತೊಡೆಯ ಮೇಲೆ ಇಟ್ಟರು.

ಅವನು ಅದನ್ನು ಪರೀಕ್ಷೆ ಮಾಡಿದ ರೀತಿ ನನಗೆ ಇನ್ನೂ ನೆನಪಿದೆ. ತಿರುವಿದ. ಒಳಹೊರಗು ಮಾಡಿದ. ಮಡಿಸಿಟ್ಟ ಮೂರು ಬೆರಳು ಬಟ್ಟೆ ನೋಡಿ, ಇನ್ನೂ ಬೆಳೀತಾರಾ ಎಂಬಂತೆ ಅಪ್ಪನನ್ನು ನೋಡಿದ. ಪಕ್ಕದ ಹೊಲಿಗೆಯುದ್ದಕ್ಕೂ ಬೆರಳು ಎಳೆದ, ಎಡಕ್ಕೆ, ಬಲಕ್ಕೆ. ಚಾಕುಜೇಬು ಇರಲಿಲ್ಲ. ಬೇಸರದಿಂದ ತಲೆಯಾಡಿಸಿ ಒಂದು ಪ್ರಶ್ನೆ ಕೇಳಿದ.

“ಇದನ್ನ ಹಾಕ್ಕೊಂಡು ಎಂತ ಮಾಡ್ತಾರೆ ಅಂತ ಕೇಳ್ತಿದಾನೆ.”

ಅಪ್ಪ ಯೋಚನೆಗೆ ಬಿದ್ದರು. ಸಾಹುಕಾರರು ಹಾಫ್ ಪ್ಯಾಂಟು ಹಾಕಿಕೊಂಡು ಏನು ಮಾಡುತ್ತಿದ್ದರು ಎಂದು ಮೂವತ್ತೆರಡು ವರ್ಷದ ದಿನಗಳನ್ನು ಹಿಂದಕ್ಕೆ ತಿರುವಿ ನೋಡಿದಂತಿತ್ತು.

“ನಿಲ್ತಾರೆ,” ಅಂದರು ಕೊನೆಗೆ.

ಹುಡುಗನಿಗೆ ಅರ್ಥವಾಗಲಿಲ್ಲ. ಅವನ ಅಪ್ಪ, ಸುಮ್ಮನೆ ನಿಲ್ಲುವುದಾ ಎಂದು ಮತ್ತೆ ಕೇಳಿಸಿದರು. “ಹೌದು, ಕೋಲು ಹಿಡ್ಕೊಂಡು ನಿಲ್ತಾರೆ. ನಾವು ಕೆಲಸ ಮಾಡೋದು ನೋಡ್ತಾರೆ,” ಎಂದ ನನ್ನ ಅಪ್ಪನಿಗೆ ಹೇಳುತ್ತಿದ್ದಂತೆಯೇ ನಗು ಬಂತು. ಶುರುವಾದ ನಗು ನಿಲ್ಲಲಿಲ್ಲ. ಮಂಗಳವಾರದಿಂದ ಆ ಮುಖದಲ್ಲಿ ನಗು ನೋಡಿರದ ಅಮ್ಮ ಬಾಗಿಲಿಗೆ ಬಂದು ನಿಂತಳು.

ಶನಿವಾರ ಮೊದಲ ಬಸ್ಸಿಗೆ ಅಪ್ಪ ಪೊಟ್ಟಣ ಹಿಡಿದು ಕಳಸಕ್ಕೆ ಹೋದರು. ಎಂತಕ್ಕೆ ಎಂದು ನಾನು ಕೇಳಲಿಲ್ಲ. ಮಾತು ಬಿಡುವ ಅಭ್ಯಾಸ ಮಾಡುತ್ತಿದ್ದೆ. ಮಧ್ಯಾಹ್ನ ಬಂದವರು ಪ್ಯಾಂಟನ್ನು ಜಗುಲಿಯ ಮೇಲೆ ಹರಡಿದರು. ಬಲಗಡೆ ಸೊಂಟದಿಂದ ತೊಡೆಯವರೆಗೆ ಒಂದು ಉದ್ದನೆಯ ಜೇಬು ಕೂತಿತ್ತು. ಹಣ್ಣು ಕೊಯ್ಯುವಾಗ ಕಟ್ಟಿಕೊಳ್ಳುವ ಚೀಲದ ದಪ್ಪ ಬಟ್ಟೆಯದು, ಬಣ್ಣ ಖಾಕಿಗೆ ಹೊಂದುತ್ತಿರಲಿಲ್ಲ. ಅಪ್ಪ ಗಿಡ ಸವರುವ ಕತ್ತರಿಯನ್ನು ಅದರೊಳಗೆ ಇಳಿಸಿದರು. ಹಿಡಿ ಮಾತ್ರ ಹೊರಗೆ ಉಳಿಯಿತು.

“ದರ್ಜಿ ಎಂತ ಅಂದ್ರು?” ಅಮ್ಮ ಕೇಳಿದಳು.

“ನಿಮ್ಮ ಹುಡುಗ ಇನ್ನೂ ಎಂತೆಂತ ಕೇಳ್ತಾನೆ ಅಂದ.”

“ಅವರಿಗೆ ನಿಜ ಹೇಳ್ಲಿಲ್ವಾ?” ಅಂದೆ.

“ನಿನ್ನ ಹೆಸರಲ್ಲೇ ಇರ್ಲಿ. ನಿನ್ನ ಮರ್ಯಾದೆ ಗಟ್ಟಿ ಇದೆ.”

ಹಾಕುತ್ತಾರೋ ಇಲ್ಲವೋ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಕೊಯ್ಯಲು ಐದು ಜನ ಹೆಂಗಸರು ಬಂದು ಮೇಲಿನ ಸಾಲಿನಿಂದ ಶುರುಮಾಡಿದ್ದರು. ಅಪ್ಪ ಸ್ನಾನ ಮಾಡಿ ಹೊರಗೆ ಬಂದಾಗ ಉಟ್ಟದ್ದು ಬಿಳಿ ಪಂಚೆ. ಹಾಕಲಿಲ್ಲ ಅಂದುಕೊಂಡೆ. ಆಮೇಲೆ ಕಂಡಿತು, ಪಂಚೆಯ ಬಲಗಡೆ ಒಂದು ಉಬ್ಬು. ಕತ್ತರಿಯ ಹಿಡಿ. ಒಳಗೆ ಹಾಕಿದ್ದಾರೆ, ಮೇಲೆ ಮುಚ್ಚಿದ್ದಾರೆ. ಹೀಗೆ ಉಟ್ಟರೆ ಹತ್ತುವಾಗ ಪಂಚೆ ಎತ್ತಿ ಕಟ್ಟಿದರೂ ತೋಟದ ಎಲ್ಲ ಗಂಡಸರಂತೆಯೇ ಕಾಣುತ್ತದೆ, ಯಾರೂ ಏನೂ ಕೇಳುವಂತಿಲ್ಲ. ಎರಡೂ ಕಡೆ ವಾದಿಸುವುದು ನನಗೆ ಯಾರ ಕಡೆಯಿಂದ ಬಂತೆಂದು ಅವತ್ತು ಗೊತ್ತಾಯಿತು.

ಹತ್ತು ಗಂಟೆಗೆ ಜೀಪು ಬಂತು. ಅಪ್ಪ ಗೇಟಿನವರೆಗೆ ಇಳಿದು ಹೋಗಿ ನಿಂತರು. ನಾನು ಪಕ್ಕದಲ್ಲಿದ್ದೆ. ಡ್ರೈವರ್ ಬಾಗಿಲು ತೆಗೆದ. ಮೊದಲು ಕೋಲು ಕಾಣಿಸಿತು, ಆಮೇಲೆ ಸಾಹುಕಾರರ ಕಾಲು. ನೀಲಿ ಟ್ರ್ಯಾಕ್ ಪ್ಯಾಂಟು, ಬದಿಯಲ್ಲಿ ಎರಡು ಬಿಳಿ ಪಟ್ಟೆ, ಕೆಳಗೆ ಮೆತ್ತನೆಯ ಚಪ್ಪಲಿ.

“ಎಂತ ನೋಡ್ತೀರಿ ರೈಟ್ರೇ,” ಅಂದರು, ಡ್ರೈವರನ ಹೆಗಲು ಹಿಡಿದು ಇಳಿಯುತ್ತ. “ಮೊಣಕಾಲಿಗೆ ಗಾಳಿ ತಾಗಿಸ್ಬೇಡಿ ಅಂದಿದಾರೆ ಡಾಕ್ಟ್ರು. ಒಳಗೆ ಪಟ್ಟಿ ಬೇರೆ ಸುತ್ತಿದಾರೆ. ಮಗ ಅಂತೂ ಜೀನ್ಸ್ ಬಿಟ್ಟು ಇಳಿಯಲ್ಲ. ನಮ್ಮ ತೋಟದಲ್ಲಿ ಈಗ ಹಾಫ್ ಪ್ಯಾಂಟೇ ಇಲ್ಲ.”

ಅಪ್ಪ ಆ ನೀಲಿ ಪ್ಯಾಂಟನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಅವರಿಗೆ ನಿರಾಸೆಯಾಯಿತೋ, ಹಗುರವಾಯಿತೋ, ಪಕ್ಕದಲ್ಲಿದ್ದ ನನಗೂ ಹೇಳಲು ಬರುವುದಿಲ್ಲ. ಆಮೇಲೆ ಸೊಂಟಕ್ಕೆ ಕೈ ಹಾಕಿ ಪಂಚೆಯ ಗಂಟು ಸಡಿಲಿಸಿ, ಒಂದೇ ಸುತ್ತಿನಲ್ಲಿ ಬಿಚ್ಚಿ, ನನ್ನ ಕೈಗೆ ಕೊಟ್ಟರು.

“ಹಿಡ್ಕೊ.”

ಅಪ್ಪನ ಮೊಣಕಾಲುಗಳನ್ನು ನಾನು ಬಿಸಿಲಿನಲ್ಲಿ ನೋಡಿದ್ದು ಅದೇ ಮೊದಲು. ಮುಖದ ಬಣ್ಣಕ್ಕೂ ಅವಕ್ಕೂ ಸಂಬಂಧವೇ ಇರಲಿಲ್ಲ. ಯಾರದೋ ಹುಡುಗನ ಮೊಣಕಾಲು ತಂದು ಜೋಡಿಸಿದಂತೆ ಬಿಳಿಚಿದ್ದವು. ಮೇಲಿನ ಸಾಲಿನಲ್ಲಿ ಹೆಂಗಸರ ಮಾತು ಒಂದು ಗಳಿಗೆ ನಿಂತಿತು. ನಗು ಬರುತ್ತದೆ ಎಂದು ಕಿವಿ ನಿಮಿರಿಸಿದೆ. “ಈ ಗಿಡದ್ದು ಪೂರ್ತಿ ಹಣ್ಣಾಗಿಲ್ಲ, ಬಿಡನ,” ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು. ಅಷ್ಟೆ.

ಸಾಹುಕಾರರು ಮೇಲಿಂದ ಕೆಳಗೆ ನೋಡಿದರು. ಏನೂ ಅನ್ನಲಿಲ್ಲ. ಅಪ್ಪ ತೋಟದ ಕಡೆ ತಿರುಗಿ ಹತ್ತತೊಡಗಿದರು. ಎರಡನೆಯ ಸಾಲಿನ ಹತ್ತಿರ, ಮಾತಾಡುತ್ತ ಮಾತಾಡುತ್ತಲೇ ತೊಡೆಗೆ ಕೈ ಇಳಿಸಿ ಕತ್ತರಿ ತೆಗೆದು, ಕಾಫಿ ಗಿಡದ ಒಣಗಿದ ರೆಕ್ಕೆ, ಅಂದರೆ ಅಡ್ಡಕೊಂಬೆಯೊಂದನ್ನು ಕಡಿದು, ಮತ್ತೆ ಜೇಬಿಗೆ ಇಳಿಸಿದರು. ಕಣ್ಣು ಆ ಕಡೆ ಹೋಗಲೇ ಇಲ್ಲ, ಕೈ ತಾನೇ ದಾರಿ ಕಂಡುಕೊಂಡಿತು.

ಸಾಹುಕಾರರು ನಿಂತರು. ಕೋಲಿನ ತುದಿಯಿಂದ ಆ ಜೇಬು ತೋರಿಸಿದರು.

“ನಮ್ಮ ಹಾಫ್ ಪ್ಯಾಂಟಿಗೆ ಇದು ಇರ್ಲಿಲ್ಲ, ಅಲ್ವ ರೈಟ್ರೇ?”

“ನಿಮ್ಗೆ ಬೇಕಾಗಿರ್ಲಿಲ್ಲ ಸಾವ್ಕಾರ್ರೇ,” ಅಂದರು ಅಪ್ಪ.

ಹಾಜರಿ ಕೂಗುವ ದನಿಯಲ್ಲೇ ಹೇಳಿದರು. ಅದರಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಇದ್ದದ್ದು ಇದ್ದ ಹಾಗೆ. ಇಷ್ಟು ಚಿಕ್ಕ ವಾಕ್ಯವನ್ನು ನಾನು ಯಾವ ವೇದಿಕೆಯಲ್ಲೂ ಹೇಳಿರಲಿಲ್ಲ. ಸಾಹುಕಾರರು ಕಡಿದು ಬಿದ್ದ ರೆಕ್ಕೆಯನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿದರು. ತಿರುಗಿ ಜೀಪಿನ ಕಡೆ ಒಮ್ಮೆ ನೋಡಿದರು, ಅಪ್ಪನ ಕಡೆ ಒಮ್ಮೆ.

“ಹೌದು,” ಅಂದರು. “ಬೇಕಾಗಿರ್ಲಿಲ್ಲ.”

ಕೋಲನ್ನು ಮೇಲಕ್ಕೆ ತೋರಿಸಿ, “ಆ ಮೇಲಿನ ಸಾಲಿಗೆ ನೆರಳು ಜಾಸ್ತಿ ಆಯ್ತು ಕಾಣ್ತದೆ?” ಎಂದು ಕೇಳಿದರು. ಅದು ತೋಟದವನು ತೋಟದವನನ್ನು ಕೇಳುವ ಪ್ರಶ್ನೆಯಾಗಿತ್ತು.

“ಬನ್ನಿ, ತೋರಿಸ್ತೀನಿ. ಇಲ್ಲಿ ಮಣ್ಣು ಜಾರ್ತದೆ, ನನ್ನ ಹಿಂದೆಯೇ ಬನ್ನಿ.”

ಅಪ್ಪ ಮುಂದೆ, ಅವರ ಹೆಗಲಿಗೆ ಕೈಯಿಟ್ಟು ಸಾಹುಕಾರರು ಹಿಂದೆ, ಒಂದೊಂದೇ ಹೆಜ್ಜೆ ಹತ್ತಿದರು. ಅಮ್ಮ ಮನೆಯ ಹಿಂಬಾಗಿಲಿನಿಂದ, ಕಾಫಿ ಈಗಲೇ ಇಡ್ಲಾ, ಇಳಿದು ಬಂದ ಮೇಲಾ ಎಂದು ಕೂಗಿ ಕೇಳಿದಳು. ಮೇಲೆ ಹೋಗುತ್ತಿದ್ದವರಿಬ್ಬರೂ ನೆರಳಿನ ಮರ ಯಾವುದು ಸವರುವುದೆಂದು ಮಾತಿಗೆ ಬಿದ್ದಿದ್ದರಿಂದ ಉತ್ತರ ಕೊಡಲಿಲ್ಲ. ಹೊತ್ತಾಗ್ತದೆ, ಆಮೇಲೆ ಇಡು ಎಂದು ನಾನೇ ಕೂಗಿ ಹೇಳಿದೆ.